ಚಂದ್ರವಳ್ಳಿಯ ರೋಮನ್ ನಾಣ್ಯ, ವೀಲರ್ ಸಾಹೇಬರ ಗಡಿಯಾರ



ನಾನಿರುವ ದೊಡ್ಡನೆಕ್ಕುಂದಿಯಿಂದ ಎಚ್.ಎ.ಎಲ್. ವಿಮಾನ ನಿಲ್ದಾಣ ಕೂಗಳತೆ ದೂರ. 2008ರ ಮೇ ತಿಂಗಳವರೆಗೂ ಇಡೀ ಬೆಂಗಳೂರಿಗೆ ಅದೇ ವಿಮಾನ ನಿಲ್ದಾಣ. ಈಗ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿ ಕಡೆ ಹೋಗಿವೆ, ನಮಗೆ ಉಳಿದಿರುವುದು ತೇಜಸ್ ಯುದ್ಧವಿಮಾನಗಳ ಗುಡುಗು ಮಾತ್ರ :) ಈ ರನ್‌ವೇ ಇರುವ ಜಾಗದಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು ಅಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ಆದರೆ ಅದು ನಿಜ. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್... ಶಾಲೆಯ ಪಾಠದಲ್ಲಿ ಓದಿ ಮರೆತ ಹೆಸರುಗಳು. ಬೆಂಗಳೂರಿನಲ್ಲಿ ಇದೊಂದೇ ಅಲ್ಲ, ಅದಕ್ಕೂ ಮೊದಲು 1891ರಲ್ಲಿ ಯಶವಂತಪುರದಲ್ಲಿ ಇಂಥವೇ 163 ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು.

ಹಾಗಾದರೆ ಎರಡು ಸಾವಿರ ವರ್ಷದ ಹಿಂದೆ ಇಲ್ಲೊಂದು ಊರಿತ್ತಾ? ಸಂತೆ ಇತ್ತಾ? ದಾರಿಹೋಕ ವ್ಯಾಪಾರಿ ಯಾರೋ ಕಳ್ಳರ ಭಯಕ್ಕೆ ಕುಡಿಕೆ ಹೂತಿಟ್ಟು ಹೋದನಾ? ಈ ನಾಣ್ಯಗಳನ್ನು ಎಷ್ಟು ತಿರುಗಿಸಿ ಮುರುಗಿಸಿ ನೋಡಿದರೂ ಉತ್ತರ ಹೊಳೆಯುವುದಿಲ್ಲ. ಅದೇ ಕಾಲದ, ಅದೇ ರೋಮಿನ ನಾಣ್ಯ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಿಕ್ಕಿತು ನೋಡಿ, ಅದು ಒಂದು ಊರಿನ ಕಥೆಯನ್ನೇ ಹೇಳಿತು. ಒಂದು ನಾಣ್ಯ ಬಾಯಿ ಬಿಡುತ್ತದೆ, ಇನ್ನೊಂದು ಮೂಕ. ಯಾಕೆ ಹೀಗೆ ಅನ್ನುವುದೇ ಇವತ್ತಿನ ಬರಹ. ಸ್ವಲ್ಪ ಉದ್ದವಿದೆ, ಟೀ ಹಿಡಿದುಕೊಂಡು ಕೂತುಕೊಳ್ಳಿ.

ಈ ಕಥೆಗೆ ಮೊದಲು ಇಂಗ್ಲೆಂಡಿಗೆ ಹೋಗಬೇಕು. ಯಾಕೆಂದರೆ ಚಂದ್ರವಳ್ಳಿಯನ್ನು ಅಗೆದವರಲ್ಲಿ ಒಬ್ಬರು ಅಲ್ಲಿಂದ ಬಂದವರು.

ಬ್ರಿಟನ್ನಿನ ಒಂದು ರೋಮನ್ ಊರು

ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್ ಅಂತ ಒಂದು ಪಟ್ಟಣ. ಅದರ ಕೆಳಗಡೆ, ವೆರ್ ಅನ್ನುವ ಪುಟ್ಟ ಹೊಳೆಯ ದಂಡೆಯಲ್ಲಿ, ಒಂದು ದೊಡ್ಡ ಹುಲ್ಲುಹಾಸಿನ ಬಯಲಿದೆ. ಆ ಹುಲ್ಲಿನ ಕೆಳಗೆ ವೆರುಲೇಮಿಯಂ ಎಂಬ ರೋಮನ್ ನಗರ ಮಲಗಿದೆ. ರೋಮನ್ನರು ಬರುವ ಮೊದಲೇ ಅಲ್ಲಿ ಕಟುವೆಲ್ಲೌನಿ ಎಂಬ ಬುಡಕಟ್ಟಿನವರ ನೆಲೆ ಇತ್ತು, ಅವರು ತಮ್ಮದೇ ನಾಣ್ಯ ಟಂಕಿಸುತ್ತಿದ್ದರು. ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೈನ್ಯ ಬ್ರಿಟನ್ನಿಗೆ ಇಳಿಯಿತು. ಕ್ರಿ.ಶ. 60-61ರ ಸುಮಾರಿಗೆ ಬೂಡಿಕಾ ಎಂಬ ರಾಣಿ ರೋಮನ್ನರ ವಿರುದ್ಧ ತಿರುಗಿಬಿದ್ದು ಈ ಊರನ್ನು ಸುಟ್ಟು ಹಾಕಿದಳು. ಊರು ಮತ್ತೆ ಎದ್ದಿತು. ಸುಮಾರು ಕ್ರಿ.ಶ. 140ರಲ್ಲಿ ನಾಟಕಶಾಲೆ ಕಟ್ಟಿದರು, ಕ್ರಿ.ಶ. 155ರ ಹೊತ್ತಿಗೆ ಇನ್ನೊಮ್ಮೆ ದೊಡ್ಡ ಬೆಂಕಿ ಬಿತ್ತು. ಮತ್ತೂ ಎದ್ದು ಸುತ್ತ ಕೋಟೆಗೋಡೆ ಕಟ್ಟಿಕೊಂಡಿತು.

ಆಮೇಲೆ ರೋಮನ್ನರು ಹೋದರು. ಹೊಸ ಊರು ಹಳೆಯ ಊರಿನ ಮೇಲೆ ಬೆಳೆಯಲಿಲ್ಲ, ಪಕ್ಕದ ದಿಣ್ಣೆಯ ಮೇಲೆ ಸಂತ ಆಲ್ಬನ್‌ನ ಮಠದ ಸುತ್ತ ಬೆಳೆಯಿತು. ಮಠ ಕಟ್ಟಲು ಹಳೆಯ ಊರಿನ ರೋಮನ್ ಇಟ್ಟಿಗೆಗಳನ್ನೇ ಕಿತ್ತು ಹೊತ್ತುಕೊಂಡು ಹೋದರು. ಇವತ್ತಿಗೂ ಆ ಚರ್ಚಿನ ಗೋಪುರದಲ್ಲಿ ಅವು ಕಾಣುತ್ತವೆ. ಹಾಳು ದೇವಸ್ಥಾನದ ಕಂಬ ತಂದು ಮನೆ ಜಗುಲಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದಿರಾ? :)

ಇಟ್ಟಿಗೆ ಹೋದರೂ ಜಾಗ ಬಯಲಾಗಿಯೇ ಉಳಿಯಿತು. 1929ರಲ್ಲಿ ಅಲ್ಲಿನ ನಗರಸಭೆ ಆ ಜಮೀನನ್ನು ಕೊಂಡಿತು. 1930ರಿಂದ ಮಾರ್ಟಿಮರ್ ವೀಲರ್ ಮತ್ತು ಅವರ ಹೆಂಡತಿ ಟೆಸ್ಸಾ ವೀಲರ್ ಅಲ್ಲಿ ಅಗೆದರು. ನಾಟಕಶಾಲೆಯ ಅಗೆತ ನೋಡಿಕೊಂಡ ಹುಡುಗಿ ಕ್ಯಾಥ್ಲೀನ್ ಕೆನ್ಯನ್, ಮುಂದೆ ಜೆರಿಕೋ ಅಗೆದು ಪ್ರಸಿದ್ಧರಾದರು. ಇವರ ಅಗೆಯುವ ರೀತಿಗೆ ಇವತ್ತು 'ವೀಲರ್-ಕೆನ್ಯನ್ ಪದ್ಧತಿ' ಅಂತಲೇ ಹೆಸರು.

ಏನದು ಪದ್ಧತಿ? ಅದಕ್ಕೂ ಮುಂಚೆ ಬಹಳ ಜನ ಅಗೆಯುತ್ತಿದ್ದದ್ದು ಆಲೂಗಡ್ಡೆ ಕೀಳುವ ಹಾಗೆ. ಗುದ್ದಲಿ ಹಾಕು, ಒಳ್ಳೆ ವಸ್ತು ಸಿಕ್ಕರೆ ಎತ್ತಿಕೋ, ಮಣ್ಣು ಆಚೆ ಚೆಲ್ಲು. ವೀಲರ್ ದಂಪತಿ ಮತ್ತು ಕೆನ್ಯನ್ ರೂಢಿಗೆ ತಂದ ಕ್ರಮವೇ ಬೇರೆ. ನೆಲವನ್ನು ಚೌಕ ಚೌಕವಾಗಿ ಗುರುತು ಹಾಕಿ, ಎರಡು ಚೌಕಗಳ ನಡುವೆ ಅಗೆಯದೆ ಮಣ್ಣಿನ ಗೋಡೆ ಬಿಡುವುದು. ಗುಂಡಿ ಆಳವಾದಂತೆ ಆ ಗೋಡೆಯ ಮೈಮೇಲೆ ಪದರಗಳು ಕಾಣತೊಡಗುತ್ತವೆ. ಇಲ್ಲಿ ಬೂದಿ, ಇಲ್ಲಿ ಮನೆಯ ನೆಲ, ಇಲ್ಲಿ ಇಟ್ಟಿಗೆ ಪುಡಿ, ಇಲ್ಲಿ ಹೊಳೆ ತಂದ ಮರಳು. ಪ್ರತಿ ಪದರಕ್ಕೂ ಒಂದು ಸಂಖ್ಯೆ. ಸಿಕ್ಕ ಪ್ರತಿ ಬೋಕಿಗೂ, ಮಣಿಗೂ, ನಾಣ್ಯಕ್ಕೂ ಅದರ ಪದರದ ಸಂಖ್ಯೆ.

ನಮ್ಮ ವೃತ್ತಿಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಪ್ರೋಗ್ರಾಂ ಬದಲಾದಾಗಲೆಲ್ಲ ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ಲಾಗ್ ಇಡುತ್ತೇವಲ್ಲ, ನೆಲವೂ ಅಂಥದ್ದೇ ಲಾಗ್ ಇಟ್ಟಿರುತ್ತದೆ. ಒಂದೇ ತೊಂದರೆ ಅಂದರೆ ಅದನ್ನು ಓದಬೇಕಾದರೆ ಅಳಿಸುತ್ತಲೇ ಓದಬೇಕು. ಅಗೆದ ಪದರ ಮತ್ತೆ ಬರುವುದಿಲ್ಲ, ಬ್ಯಾಕಪ್ ಇಲ್ಲ. ಹಾಗಾಗಿ ಬರೆದಿಟ್ಟುಕೊಂಡದ್ದಷ್ಟೇ ಉಳಿಯುವುದು.

ದುರ್ಗದ ಬೆಟ್ಟಗಳ ನಡುವೆ

ಈಗ ನಮ್ಮ ಕಡೆಗೆ ಬರೋಣ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಕಣಿವೆ ಚಂದ್ರವಳ್ಳಿ. ಊರ ಜನಕ್ಕೆ ಅದು ವಾಯುವಿಹಾರದ ಜಾಗ. ಕೆರೆ ಇದೆ, ತೋಟ ಇದೆ, ಅಂಕಲಿಮಠದ ಗುಹೆಗಳಿವೆ. ನಾನು ಹೋದಾಗ ಕೆರೆ ದಂಡೆಯಲ್ಲಿ ಶಾಲಾ ಮಕ್ಕಳ ದೊಡ್ಡ ತಂಡವೊಂದು ಚಿತ್ರಾನ್ನ ತಿನ್ನುತ್ತಾ ಕೂತಿತ್ತು. ಕಾಲ ಕೆಳಗೆ ಶಾತವಾಹನರ ಕಾಲದ ಊರು ಇದೆ ಅಂತ ಮೇಷ್ಟ್ರು ಹೇಳಿದರೆ, ಒಬ್ಬ ಹುಡುಗ ಚಪ್ಪಲಿ ಎತ್ತಿ ಕೆಳಗೆ ನೋಡಿದ :)

ಇಲ್ಲಿ ಹಳೆಯ ಸೀಸದ ನಾಣ್ಯಗಳು ಸಿಗುತ್ತವೆ ಅಂತ 19ನೆಯ ಶತಮಾನದ ಕೊನೆಗೇ ಗೊತ್ತಾಗಿತ್ತು. ಅವುಗಳಲ್ಲಿ ಕೆಲವು 'ಮಹಾರಠಿ' ಎಂಬ ಬಿರುದಿದ್ದ, ಶಾತವಾಹನರ ಕೈಕೆಳಗಿನ ಸ್ಥಳೀಯ ಒಡೆಯರವು. 1909ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅಲ್ಲಿ ಪರೀಕ್ಷೆಗೆ ಸ್ವಲ್ಪ ಅಗೆಸಿದರು. ಆದರೆ ಚಂದ್ರವಳ್ಳಿಯನ್ನು ಒಂದು ಊರಾಗಿ ನಮಗೆ ತೋರಿಸಿಕೊಟ್ಟವರು ಡಾ. ಎಂ.ಎಚ್. ಕೃಷ್ಣ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು, ಪುರಾತತ್ವ ಇಲಾಖೆಯ ಮುಖ್ಯಸ್ಥರು. 1928-29ರಲ್ಲಿ ಅವರು ಇಲ್ಲಿ ಪದರಗಳನ್ನು ಗಮನಿಸುತ್ತಾ ಅಗೆದು, ಇಟ್ಟಿಗೆಯ ಕಟ್ಟಡಗಳ ಉಳಿಕೆ, ಮಡಕೆಗಳು, ಮಣಿಗಳು, ನಾಣ್ಯಗಳನ್ನೆಲ್ಲ ವರದಿ ಮಾಡಿದರು. ಗಮನಿಸಿ, ಆಗಿನ್ನೂ ವೀಲರ್ ವೆರುಲೇಮಿಯಂಗೆ ಗುದ್ದಲಿ ಹಾಕಿರಲಿಲ್ಲ. ಎಂ.ಎಚ್. ಕೃಷ್ಣರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಹಲ್ಮಿಡಿ ಶಾಸನದ ಜೊತೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಈ ಕೆಲಸಕ್ಕೆ ಅವರಿಗೆ ಇನ್ನೂ ಹೆಚ್ಚು ಸಲ್ಲಬೇಕಿತ್ತು ಅಂತ ನನ್ನ ಅನಿಸಿಕೆ.

ಅದೇ ಸಮಯದಲ್ಲಿ ಅವರಿಗೆ ಅಲ್ಲೇ ಭೈರವೇಶ್ವರ ದೇವಸ್ಥಾನದ ಬಳಿಯ ಬಂಡೆಯ ಮೇಲೆ ಒಂದು ಶಾಸನ ಕಂಡಿತು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಕೆಲವೇ ಸಾಲು. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ. ಕನ್ನಡ ನಾಡಿನ ಮೊದಲ ಸ್ವತಂತ್ರ ರಾಜಮನೆತನದ ಮೊದಲ ದೊರೆ, ಬನವಾಸಿಯಿಂದ ಇಷ್ಟು ದೂರದ ಈ ಕಣಿವೆಯಲ್ಲಿ, ಕೆರೆಯ ವಿಷಯ ಬರೆಸಿದ್ದಾನೆ. ಆತ ಗೆದ್ದ ನಾಡುಗಳ ಉದ್ದ ಪಟ್ಟಿಯೊಂದನ್ನೂ ಕೃಷ್ಣ ಆ ಶಾಸನದಲ್ಲಿ ಓದಿದರು. ಬಂಡೆ ಸವೆದಿದೆ, ನಂತರದ ವಿದ್ವಾಂಸರು ಆ ಪಟ್ಟಿಯನ್ನು ಬೇರೆಯಾಗಿ ಓದಿದ್ದಾರೆ, ಚರ್ಚೆ ನಡೆದಿದೆ. ಚರ್ಚೆ ನಡೆಯಬಹುದು, ಯಾಕೆಂದರೆ ಬಂಡೆ ಇನ್ನೂ ಅಲ್ಲೇ ಇದೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ.

ವೀಲರ್ ಬಂದರು

1944ರಲ್ಲಿ ವೀಲರ್ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು. ದಕ್ಷಿಣ ಭಾರತದ ಪ್ರಾಚೀನ ಕಾಲದ ಮಟ್ಟಿಗೆ ಅವರಿಗೆ ಒಂದು ದೊಡ್ಡ ತಲೆನೋವು ಇತ್ತು. ಕಲ್ಲಿನ ಕೊಡಲಿಗಳು ಸಿಕ್ಕಿವೆ, ಬಂಡೆಕಲ್ಲಿನ ದೊಡ್ಡ ಸಮಾಧಿಗಳಿವೆ, ಬಣ್ಣದ ಮಡಕೆಗಳಿವೆ. ಆದರೆ ಯಾವುದು ಯಾವ ಕಾಲದ್ದು? ಕಾರ್ಬನ್-14 ಪರೀಕ್ಷೆ ಇನ್ನೂ ಬಂದಿರಲಿಲ್ಲ. ಗಡಿಯಾರವೇ ಇಲ್ಲದ ಮನೆ.

ವೀಲರ್ ಗಡಿಯಾರ ಹುಡುಕಿದ್ದು ತಮಗೆ ಚೆನ್ನಾಗಿ ಗೊತ್ತಿದ್ದ ಕಡೆ, ರೋಮಿನಲ್ಲಿ. 1945ರಲ್ಲಿ ಪುದುಚೇರಿಯ ಪಕ್ಕದ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯ ಕೆಂಪು ಮಿರುಗಿನ ಮಡಕೆ ಚೂರುಗಳು ಸಿಕ್ಕವು. ಅವು ಕ್ರಿ.ಶ. ಮೊದಲ ಶತಮಾನದ ಮೊದಲ ಭಾಗದವು ಅಂತ ಯುರೋಪಿನಲ್ಲಿ ಗೊತ್ತಿತ್ತು. ಅವುಗಳ ಜೊತೆಯಲ್ಲಿ ಸಿಕ್ಕ ಸ್ಥಳೀಯ ಮಡಕೆಗಳಿಗೂ ಅದೇ ಕಾಲ ಸಿಕ್ಕಿಬಿಟ್ಟಿತು. ಈಗ ಆ ಸ್ಥಳೀಯ ಮಡಕೆಗಳನ್ನು ಹಿಡಿದುಕೊಂಡು ಒಳನಾಡಿಗೆ ಹೋದರೆ, ರೋಮಿನ ಗಡಿಯಾರವನ್ನು ಅಲ್ಲಿಗೂ ಒಯ್ಯಬಹುದು!

ಹಾಗೆ 1947ರಲ್ಲಿ ಅವರು ಬಂದದ್ದು ಚಿತ್ರದುರ್ಗ ಜಿಲ್ಲೆಗೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಮತ್ತು ನಮ್ಮ ಚಂದ್ರವಳ್ಳಿ, ಎರಡೂ ಕಡೆ ಅಗೆದರು. ಬ್ರಹ್ಮಗಿರಿ ಗೊತ್ತಲ್ಲ, ಅಶೋಕನ ಶಾಸನ ಇರುವ ಜಾಗ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅಲ್ಲಿ ಒಂದರ ಮೇಲೊಂದು ಮೂರು ಕಾಲದ ಪದರಗಳು ಸಿಕ್ಕವು. ತಳದಲ್ಲಿ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಮಾಧಿಯ ಜನ, ಮೇಲೆ ಶಾತವಾಹನ ಕಾಲದವರು. ಚಂದ್ರವಳ್ಳಿಯಲ್ಲಿ ಆ ಮೇಲಿನ ಕಾಲದ ಪದರದಲ್ಲೇ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ರೋಮಿನವರ ಭಾಷೆಯಲ್ಲಿ ಡಿನೇರಿಯಸ್.

ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅಂದರೆ ಚಂದ್ರವಳ್ಳಿಯ ಆ ನಾಣ್ಯ ಟಂಕವಾದಾಗ ಬ್ರಿಟನ್ನಿನಲ್ಲಿ ಒಂದೂ ರೋಮನ್ ಊರು ಇರಲಿಲ್ಲ! ವೆರುಲೇಮಿಯಂ ರೋಮನ್ ನಗರವಾಗುವುದಕ್ಕೆ ಮೊದಲೇ ಅಚ್ಚಾದ ಬೆಳ್ಳಿ ಕಡಲು ದಾಟಿ, ಘಟ್ಟ ಹತ್ತಿ, ದುರ್ಗದ ಕಣಿವೆಗೆ ಬಂದು ಬಿದ್ದಿದೆ. ಬ್ರಿಟನ್ನಿಗೆ ರೋಮ್ ಬಂದದ್ದು ಸೈನ್ಯದ ಜೊತೆ. ನಮ್ಮಲ್ಲಿಗೆ ಬಂದದ್ದು ಸರಕು ಕೊಳ್ಳುವುದಕ್ಕೆ. ಭಾರತ, ಚೀನಾ, ಅರೇಬಿಯ ಮೂರೂ ಸೇರಿ ವರ್ಷಕ್ಕೆ ಹತ್ತು ಕೋಟಿ ಸೆಸ್ಟರ್ಸ್ ಹಣ ಹೀರುತ್ತಿವೆ ಅಂತ ಪ್ಲಿನಿ ಗೋಳಾಡಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಡಿನೇರಿಯಸ್.

ನಮ್ಮ ವ್ಯಾಪಾರಿಗಳೇನು ಕಡಿಮೆ ಚಾಲಾಕಿಗಳಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನವು ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್‌ನ ತೂಕ ಇಳಿಸಿ, ಬೆಳ್ಳಿಗೆ ಬೆರಕೆ ಹಾಕಿದ. ಇಲ್ಲಿನವರಿಗೆ ಬೇಕಾದದ್ದು ಚಕ್ರವರ್ತಿಯ ಮುಖ ಅಲ್ಲ, ಬೆಳ್ಳಿ. ಹಳೆಯ, ಶುದ್ಧವಾದ ನಾಣ್ಯಗಳನ್ನೇ ಆರಿಸಿಕೊಂಡರು.

ಗಡಿಯಾರ ತಪ್ಪಿದ್ದು ಎಲ್ಲಿ?

ವೀಲರ್ ಲೆಕ್ಕ ಹೀಗಿತ್ತು. ಮೇಲಿನ ಶಾತವಾಹನ ಪದರ ಶುರುವಾಗಿದ್ದು ಕ್ರಿ.ಶ. ಮೊದಲ ಶತಮಾನದ ಮಧ್ಯದಲ್ಲಿ. ಅದಕ್ಕೆ ರೋಮನ್ ವಸ್ತುಗಳು ಸಾಕ್ಷಿ. ಅದರ ಕೆಳಗಿನ ಕಬ್ಬಿಣದ ಜನರಿಗೆ ಸುಮಾರು ಕ್ರಿ.ಪೂ. 200ರಿಂದ ಅಂತ ಅಂದಾಜು ಕೊಟ್ಟರು. ಅದಕ್ಕೂ ಕೆಳಗಿನ ಕಲ್ಲುಕೊಡಲಿಯವರಿಗೆ ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭ. ಅಂದರೆ ಅಶೋಕ ಬ್ರಹ್ಮಗಿರಿಯಲ್ಲಿ ಶಾಸನ ಬರೆಸಿದಾಗ ನಮ್ಮವರು ಇನ್ನೂ ಕಲ್ಲುಕೊಡಲಿ ಹಿಡಿದುಕೊಂಡಿದ್ದರು ಅಂತಾಯಿತು!

ಇದು ನಿಲ್ಲಲಿಲ್ಲ. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದರು. ಅಲ್ಲಿನ ಕಬ್ಬಿಣದ ಪದರಕ್ಕೆ ಕಾರ್ಬನ್-14 ಕೊಟ್ಟ ಕಾಲ ಕ್ರಿ.ಪೂ. 1000ದ ಆಸುಪಾಸು. ಬಳ್ಳಾರಿ ಕಡೆಯ ತೆಕ್ಕಲಕೋಟೆ ಮತ್ತಿತರ ನೆಲೆಗಳಿಂದ ಕಲ್ಲುಕೊಡಲಿಯ ಜನರ ಕಾಲ ಕ್ರಿ.ಪೂ. 2000ಕ್ಕೂ ಹಿಂದೆ ಹೋಯಿತು. ವೀಲರ್ ರೋಮಿನಿಂದ ಬಂದ ಪ್ರಭಾವ ಅಂದುಕೊಂಡಿದ್ದ ಗೆರೆಚುಕ್ಕಿಯ ನುಣುಪು ಮಡಕೆಗಳು ಭಾರತದಲ್ಲೇ ಮಾಡಿದವು, ರೋಮನ್ ವ್ಯಾಪಾರಕ್ಕಿಂತ ಹಳೆಯವು ಅಂತ 1980ರ ದಶಕದಲ್ಲಿ ವಿಮಲಾ ಬೇಗ್ಲಿ ವಾದಿಸಿದರು. ಇವತ್ತು ಅದು ಬಹುಮಟ್ಟಿಗೆ ಒಪ್ಪಿತವಾದ ಮಾತು.

ಹಾಗಂತ ವೀಲರ್ ಮಾಡಿದ್ದೆಲ್ಲ ಸುಳ್ಳು ಅಂತ ಎಸೆಯಬೇಕಾ? ನನಗೆ ಹಾಗನ್ನಿಸುವುದಿಲ್ಲ. ರೋಮಿನ ಗಡಿಯಾರ ತಾನು ಸಿಕ್ಕ ಪದರದ ಸಮಯ ಮಾತ್ರ ಹೇಳಬಲ್ಲದು. ಅದರ ಕೆಳಗಿನ ಪದರಗಳಿಗೆ ಅವರು ಊಹೆಯಿಂದ ಲೆಕ್ಕ ಹಾಕಿದರು, ಆ ಲೆಕ್ಕ ಕೈಕೊಟ್ಟಿತು. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಅವರ ಅನುಕ್ರಮ ಉಳಿದುಕೊಂಡಿತು. ವರ್ಷಗಳನ್ನು ತಿದ್ದಬೇಕಾಯಿತು ಅಷ್ಟೆ.

ವೆರುಲೇಮಿಯಂನಲ್ಲಿಯೂ ಇದೇ ಆಯಿತು ಅನ್ನುವುದು ಇನ್ನೂ ಸ್ವಾರಸ್ಯ. ಮೂರನೆಯ ಶತಮಾನದಲ್ಲೇ ಆ ಊರು ಹಾಳುಬಿತ್ತು ಅಂತ ವೀಲರ್ ತಿಳಿದಿದ್ದರು. 1955ರಿಂದ 1961ರವರೆಗೆ ಶೆಪರ್ಡ್ ಫ್ರೀರ್ ಮತ್ತೆ ಅಗೆದು, ನಾಲ್ಕನೆಯ ಶತಮಾನದಲ್ಲಿ ದೊಡ್ಡ ಮನೆಗಳಿದ್ದವು, ಐದನೆಯ ಶತಮಾನದವರೆಗೂ ಜನ ಬಾಳಿದರು ಅಂತ ತೋರಿಸಿದರು. ಅಲ್ಲೂ ತಿದ್ದುಪಡಿ, ಇಲ್ಲೂ ತಿದ್ದುಪಡಿ. ಎರಡೂ ಕಡೆ ಸಾಧ್ಯವಾದದ್ದು ಒಂದೇ ಕಾರಣಕ್ಕೆ. ಹಿಂದಿನವರ ವರದಿ ಇತ್ತು, ಪದರದ ನಕ್ಷೆ ಇತ್ತು, ಅಗೆಯದೆ ಬಿಟ್ಟ ನೆಲವೂ ಉಳಿದಿತ್ತು. ಚಂದ್ರವಳ್ಳಿಯ ಬಂಡೆ ಶಾಸನದ್ದೂ ಇದೇ ಕಥೆ, ಮತ್ತೆ ಹೋಗಿ ಓದಬಹುದು. ತಪ್ಪಿದ ದಾಖಲೆಯನ್ನು ಮುಂದಿನವರು ತಿದ್ದುತ್ತಾರೆ. ದಾಖಲೆಯೇ ಇಲ್ಲದಿದ್ದರೆ ತಿದ್ದುವುದೇನನ್ನು?

ಮತ್ತೆ ನಮ್ಮ ರನ್‌ವೇ

ಈಗ ಎಚ್.ಎ.ಎಲ್. ನಾಣ್ಯಗಳ ಮೌನ ಅರ್ಥವಾಗುತ್ತದೆ. ಅವುಗಳಲ್ಲಿರುವ ಮುಖ, ಅಕ್ಷರ, ತೂಕ ಎಲ್ಲ ಚಂದ್ರವಳ್ಳಿಯ ನಾಣ್ಯದಷ್ಟೇ ಸ್ಪಷ್ಟ. ಸಂಖ್ಯೆಯಲ್ಲಂತೂ ಯಶವಂತಪುರದ್ದು ಚಂದ್ರವಳ್ಳಿಗಿಂತ ಎಷ್ಟೋ ಪಾಲು ಹೆಚ್ಚು. ಆದರೆ ಅವುಗಳನ್ನು ಊರಿಗೆ ಕಟ್ಟಿಹಾಕುವ ಪದರ ನಮ್ಮ ಕೈಯಲ್ಲಿಲ್ಲ. ಕೆಳಗೆ ಮನೆಯ ನೆಲ ಇತ್ತಾ, ಒಲೆ ಇತ್ತಾ, ಪಕ್ಕದಲ್ಲಿ ಯಾವ ಮಡಕೆ ಇತ್ತು ಅನ್ನುವುದು ಇದ್ದಿದ್ದರೆ, ಬೆಂಗಳೂರಿನ ಪೂರ್ವದಲ್ಲಿ ಎರಡು ಸಾವಿರ ವರ್ಷದ ಹಿಂದೆ ಯಾರಿದ್ದರು ಅನ್ನುವ ಮಾತಿಗೆ ಬುಡ ಸಿಗುತ್ತಿತ್ತು.

ಇದು ಮುಗಿದ ಕಥೆಯಲ್ಲ ಅನ್ನುವುದೇ ನನ್ನ ಸಂಕಟ. ಮಾರತ್ತಹಳ್ಳಿಯಿಂದ ಮಹದೇವಪುರದ ತನಕ ಹೊರವರ್ತುಲ ರಸ್ತೆಯ ಅಕ್ಕಪಕ್ಕ ನೋಡಿ. ಒಂದೊಂದು ಕಟ್ಟಡಕ್ಕೂ ಎರಡು ಮೂರು ಅಂತಸ್ತು ಆಳದ ಪಾಯ. ಜೆಸಿಬಿ ಒಂದು ಬಾರಿ ಕೈಹಾಕಿದರೆ ಎತ್ತುವ ಮಣ್ಣನ್ನು ವೀಲರ್ ತಂಡ ವಾರಗಟ್ಟಲೆ ಕೆರೆಯುತ್ತಿತ್ತೇನೋ. ಆ ಮಣ್ಣು ರಾತ್ರಿ ಟಿಪ್ಪರ್ ಹತ್ತಿ ಇನ್ನಾವುದೋ ತಗ್ಗು ತುಂಬಲು ಹೋಗುತ್ತದೆ. ನಾವೇ ಕೂತು ಕೆಲಸ ಮಾಡುವ ಕಟ್ಟಡಗಳೂ ಹೀಗೇ ಎದ್ದವು, ಬೇರೆಯವರನ್ನು ಬೈಯುವುದಕ್ಕೆ ನನಗೇನೂ ಬಾಯಿಲ್ಲ.

ಇಂಗ್ಲೆಂಡಿನಲ್ಲಿ 1990ರಲ್ಲಿ ಒಂದು ಸರ್ಕಾರಿ ಮಾರ್ಗಸೂಚಿ ಬಂತು. ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಆ ನೆಲದಲ್ಲಿ ಹಳೆಯದೇನಾದರೂ ಇರಬಹುದಾ ಅಂತ ಪರಿಶೀಲಿಸಬೇಕು, ಅಗೆದು ದಾಖಲಿಸಬೇಕಾಗಿ ಬಂದರೆ ಖರ್ಚು ಕಟ್ಟುವವನದ್ದು. ಆಮೇಲೆ ಅಲ್ಲಿ ನಡೆದ ಉತ್ಖನನಗಳಲ್ಲಿ ಬಹುಪಾಲು ಹೀಗೆ ಕಟ್ಟಡಗಳ ನೆಪದಲ್ಲೇ ಆದವು. ನಮ್ಮಲ್ಲಿ ರಾಷ್ಟ್ರೀಯ ಸಂರಕ್ಷಿತ ಸ್ಮಾರಕ ಇದ್ದರೆ ಸುತ್ತ 100 ಮೀಟರ್ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್ ನಿಯಂತ್ರಣ. 2010ರಿಂದ ಅದು ಕಾನೂನೇ ಆಗಿದೆ. ಆದರೆ ಸ್ಮಾರಕ ಅಂತ ಘೋಷಣೆಯಾಗದ, ನೆಲದೊಳಗೇ ಇರುವುದರ ಗತಿ? ಪಾಯ ತೋಡುವ ಮುಂಚೆ ಮಣ್ಣಿನ ಗಟ್ಟಿತನ ನೋಡಲು ಪರೀಕ್ಷೆ ಮಾಡಿಸುತ್ತೇವೆ. ಅದೇ ಗುಂಡಿಯ ಗೋಡೆಯನ್ನು ತಿಳಿದವರೊಬ್ಬರು ಅರ್ಧ ದಿನ ನೋಡಿ ನಾಲ್ಕು ಫೋಟೋ ತೆಗೆದಿಟ್ಟರೆ ಎಷ್ಟು ಖರ್ಚಾದೀತು?

ಪೂರ್ತಿ ನಿರಾಶೆಯೂ ಬೇಡ. 2018ರಲ್ಲಿ ಹೆಬ್ಬಾಳದಲ್ಲಿ ಕಿಟ್ಟಯ್ಯನ ವೀರಗಲ್ಲು ಶಾಸನ ಸಿಕ್ಕಿತು, ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಅಲ್ಲಿನ ಜನರೇ ಮುಂದೆ ಬಂದು ಅದಕ್ಕೊಂದು ಮಂಟಪ ಕಟ್ಟಿದರು. ಕಲ್ಲಿಗೆ ಒದಗಿದ ಭಾಗ್ಯ ಮಣ್ಣಿಗೂ ಒದಗಬೇಕು, ಯಾಕೆಂದರೆ ಮಣ್ಣಿನ ಮೇಲೆ ಅಕ್ಷರ ಕಾಣುವುದಿಲ್ಲ, ಅದು ತನ್ನನ್ನು ತಾನೇ ಕಾಪಾಡಿಕೊಳ್ಳಲಾರದು.

ಬ್ಲಾಗಿಗ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಬಾವಿ ತೋಡುವಾಗ, ಪಾಯ ಅಗೆಯುವಾಗ, ಕೆರೆ ಹೂಳೆತ್ತುವಾಗ ಬೋಕಿ, ಬೂದಿಯ ಪಟ್ಟಿ, ದಪ್ಪ ಇಟ್ಟಿಗೆ ಏನಾದರೂ ಕಂಡರೆ ಕೈಯಲ್ಲಿ ಎತ್ತಿಕೊಳ್ಳುವ ಮೊದಲು ಅದು ಇದ್ದ ಜಾಗದಲ್ಲೇ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮೇಲಿನಿಂದ ಎಷ್ಟು ಅಡಿ ಆಳ, ಯಾವ ದಿನ, ಯಾವ ಜಾಗ ಅಂತ ಬರೆದಿಡಿ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ. ನಿಮ್ಮ ಕಡೆ ಇಂಥದ್ದೇನಾದರೂ ಸಿಕ್ಕಿದ್ದ ನೆನಪು ಮನೆಯ ಹಿರಿಯರಿಗಿದ್ದರೆ ಕೇಳಿ ಬರೆಯಿರಿ, ಓದಲು ಕಾಯುತ್ತಿರುತ್ತೇನೆ. ಚಿತ್ರದುರ್ಗಕ್ಕೆ ಹೋದಾಗ ಕೋಟೆ, ಒನಕೆ ಓಬವ್ವನ ಕಿಂಡಿ ನೋಡಿ ಹಾಗೇ ವಾಪಸ್ ಬಸ್ಸು ಹತ್ತಬೇಡಿ. ಚಂದ್ರವಳ್ಳಿಗೂ ಒಂದು ಗಂಟೆ ಇಟ್ಟುಕೊಳ್ಳಿ.